ಹಳೆ ಕೊಲೆ ಕೇಸು ಕೈಗೆತ್ತಿಕೊಳ್ಳುವ ಮುಂಚೆ

ಕ್ರೈಂ ಪಾಡ್‌ಕಾಸ್ಟ್ ಮಾಡಬೇಕು, ಮಾತಾಡೋ ಪೊಲೀಸ್ ಅಧಿಕಾರಿ ಯಾರಾದರೂ ಇದ್ದರೆ ನಂಬರ್ ಕೊಡಿ ಸಾರ್ ಅಂತ ಹುಡುಗರು ಫೋನ್ ಮಾಡುತ್ತಾರೆ. ತೀರ್ಪು ಓದಿದ್ದೀರಾ ಅಂತ ಕೇಳಿದರೆ ಆ ಕಡೆ ಸದ್ದೇ ಇರುವುದಿಲ್ಲ.

ನಿವೃತ್ತ ಇನ್‌ಸ್ಪೆಕ್ಟರ್ ಹೇಳುವ ಕಥೆ ಚೆನ್ನಾಗಿಯೇ ಇರುತ್ತದೆ. ಎಷ್ಟೋ ವರ್ಷ ಹೇಳಿ ಹೇಳಿ ನುಣ್ಣಗಾಗಿರುತ್ತದೆ. ಅದನ್ನೇ ಮೊದಲು ಕೇಳಿಬಿಟ್ಟರೆ ಆಮೇಲೆ ಓದುವ ಕಾಗದವೆಲ್ಲ ಅವರ ದನಿಯಲ್ಲೇ ಕೇಳಿಸುತ್ತದೆ. ಅದಕ್ಕೇ ನಾನು ಕ್ರೈಂ ವರದಿ ಬಿಟ್ಟು ಸಾಕ್ಷ್ಯಚಿತ್ರಗಳ ಕೆಲಸಕ್ಕೆ ಬಂದ ಮೇಲೆ ಕಾಗದ ಮುಗಿಯದೆ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ.

ಅಭ್ಯಾಸಕ್ಕೆ ಬೆಂಗಳೂರಿನ ರಿಚ್ಮಂಡ್ ರೋಡ್ ಕೇಸು ತಗೊಳ್ಳಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರೆ 1991ರ ಮೇ ತಿಂಗಳಲ್ಲಿ ಕಾಣೆಯಾದರು. 1994ರ ಮಾರ್ಚ್‌ನಲ್ಲಿ ಅವರದೇ ಮನೆಯ ಅಂಗಳ ಅಗೆದು ಅಸ್ಥಿ ತೆಗೆದರು. ಎರಡನೇ ಗಂಡ ಸ್ವಾಮಿ ಶ್ರದ್ಧಾನಂದನಿಗೆ 2005ರಲ್ಲಿ ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿತು, ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ ಶಿಕ್ಷೆಯ ವಿಷಯದಲ್ಲಿ ಒಮ್ಮತ ಬರಲಿಲ್ಲ. 2008ರ ಜುಲೈನಲ್ಲಿ ಮೂವರ ಪೀಠ ಗಲ್ಲು ತೆಗೆದು, ಬದುಕಿರುವವರೆಗೂ ಜೈಲು ಅಂತ ಹೇಳಿತು. ಈ ತೀರ್ಪು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಕೊನೆಯ ಕೋರ್ಟಿನ ತೀರ್ಪಿನಿಂದ ಶುರು ಮಾಡಿ ಕೆಳಗಿಳಿಯುತ್ತಾ ಬನ್ನಿ.

ಓದುವಾಗ ಎರಡು ಬಣ್ಣದ ಪೆನ್ನಿರಲಿ. ಕೋರ್ಟು ನಂಬಿದ್ದಕ್ಕೆ ಒಂದು, ಬರೀ ಪೊಲೀಸರು ಹೇಳಿದ್ದಕ್ಕೆ ಇನ್ನೊಂದು. 'ಆರೋಪಿ ತಪ್ಪೊಪ್ಪಿಕೊಂಡ' ಅಂತ ಪೇಪರಿನಲ್ಲಿ ಬಂದಿರುತ್ತದಲ್ಲ, ಅದು ಯಾವ ಬಣ್ಣ? ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲ, ಹಳೆ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಅದನ್ನು ಹೊರಗಿಡುತ್ತದೆ. ಆದರೆ ಆ ಹೇಳಿಕೆಯಿಂದ ಏನಾದರೂ ಪತ್ತೆಯಾದರೆ ಅಷ್ಟು ಭಾಗ 27ನೇ ಕಲಮಿನಡಿ ನಿಲ್ಲುತ್ತದೆ. 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲಿ ಈ ಎರಡೂ 23ನೇ ಕಲಮಿನಲ್ಲಿವೆ. ರಿಚ್ಮಂಡ್ ರೋಡ್ ಕೇಸಿನಲ್ಲಿ ಹೂತ ಜಾಗ ತೋರಿಸಿದ್ದು ಆರೋಪಿಯೇ. ಅಗೆಯುವುದನ್ನೆಲ್ಲ ವಿಡಿಯೋ ಮಾಡಿದ್ದರು. ಕೇಸಿಗೆ ಬಲ ಬಂದಿದ್ದು ಅಲ್ಲಿಂದ.

ಇಂಥದ್ದೆಲ್ಲ ಮೊದಲು ಬರೆಯುವುದು ಮಹಜರಿನಲ್ಲಿ, ಅಂದರೆ ಪೊಲೀಸರು ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ವರದಿಯಲ್ಲಿ. ಎಲ್ಲರೂ ಹಾರಿಸಿ ಓದುವ ಕಾಗದ ಇದು, ನನಗೆ ಇದೇ ಇಷ್ಟ. ಶುರುವಾದ ಹೊತ್ತು, ಮುಗಿದ ಹೊತ್ತು, ಚೆಕ್ಕುಬಂದಿ, ಪಂಚರ (ಪೊಲೀಸರು ಸಾಕ್ಷಿಗೆ ಕರೆದವರ) ಸಹಿ ಎಲ್ಲ ಇರುತ್ತದೆ. ರಾತ್ರಿ ಹತ್ತಕ್ಕೆ ಮುಖ ನೋಡಿದೆ ಅಂತ ಸಾಕ್ಷಿ ಹೇಳಿದ್ದರೆ, ಸ್ಥಳ ಮಹಜರಿನಲ್ಲಿ ಬೀದಿದೀಪ ಇದೆಯಾ ನೋಡಿ. ಇಲ್ಲದಿದ್ದರೆ ಪಾಟೀ ಸವಾಲಿಗೆ ಹೋಗಿ, ಡಿಫೆನ್ಸ್ ವಕೀಲರು ಅದನ್ನು ಕೇಳಿದ್ದರಾ ಅಂತ ಹುಡುಕಿ. ಪಂಚರ ಹೆಸರೂ ಬರೆದುಕೊಳ್ಳಿ. ಪಕ್ಕದ ಹೋಟೆಲಿನವರೋ ಗಾರೆ ಕೆಲಸದವರೋ ಆಗಿರುತ್ತಾರೆ. ಅವರನ್ನು ಆಮೇಲೆ ಯಾರೂ ಮಾತಾಡಿಸಿರುವುದಿಲ್ಲ.

ಕಾಗದ ಸಿಗೋದು ಹೇಗೆ? ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಚಾರ್ಜ್‌ಶೀಟಿಗೆ ಈ ಸೌಲಭ್ಯ ಇಲ್ಲ, 2023ರಲ್ಲಿ ಅದೇ ಕೋರ್ಟು ಬೇಡ ಅಂದಿತು. ಹಾಗಾಗಿ ತೀರ್ಪಿನಲ್ಲಿರುವ ಸೆಷನ್ಸ್ ಕೇಸ್ ನಂಬರ್ ಹಿಡಿದು ಕೋರ್ಟಿನ ನಕಲು ಶಾಖೆಗೆ ಹೋಗಿ ಅರ್ಜಿ ಹಾಕಿ. ನೀವು ಮೂರನೆಯವರು, ಆದ್ದರಿಂದ ಯಾಕೆ ಬೇಕು ಅಂತ ಕಾರಣ ಬರೆಯಬೇಕಾಗುತ್ತದೆ. ಅಲ್ಲಿನ ಗುಮಾಸ್ತರ ಮೇಲೆ ರೇಗಾಡಬೇಡಿ, ಕಡತ ಹುಡುಕಿ ಕೊಡಬೇಕಾದವರು ಅವರೇ.

ಮನೆಯವರ ಹತ್ತಿರ ಮೊದಲ ಸಲ ಕ್ಯಾಮೆರಾ ಇಲ್ಲದೆ ಹೋಗಿ. ಕೊಲೆಯ ದಿನದ ಬಗ್ಗೆ ಕೇಳಬೇಡಿ. ಅದನ್ನು ಅವರು ಕೋರ್ಟಿನಲ್ಲಿ ಹೇಳಿ ಸುಸ್ತಾಗಿರುತ್ತಾರೆ, ನೀವೂ ಓದಿರುತ್ತೀರಿ. ಹೋದವರು ಹೇಗಿದ್ದರು ಅಂತ ಕೇಳಿ. ಮಾತಾಡಲ್ಲ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಇನ್ನೊಂದು ಬಾಗಿಲಿಂದ, ಅಂದರೆ ಸೋದರಮಾವನ ಮೂಲಕವೋ ಪಕ್ಕದ ಮನೆಯವರ ಮೂಲಕವೋ ನುಗ್ಗುವುದು ಬೇಡ.

ಅಪರಾಧಿಯನ್ನು ಕೊನೆಗೆ ಇಟ್ಟುಕೊಳ್ಳಿ. ಶಾಕಿರೆ ಕೇಸಿನ ಮೇಲೆ 2023ರಲ್ಲಿ ಬಂದ ಸರಣಿಯಲ್ಲಿ ಶ್ರದ್ಧಾನಂದನೂ ಮಾತಾಡಿದ್ದಾನೆ. ಜೈಲಿನಲ್ಲಿ ಮಾತಾಡಿಸಬೇಕಾದರೆ ಕಾರಾಗೃಹ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕ ಖುಷಿಯಲ್ಲಿ ಅರ್ಧ ಎಪಿಸೋಡು ಅವನಿಗೇ ಕೊಟ್ಟುಬಿಡುತ್ತೇವೆ, ಅಲ್ವಾ? ಸತ್ತವರು ಎದುರುತ್ತರ ಕೊಡುವ ಹಾಗಿಲ್ಲ. ಅವನ ಒಂದೊಂದು ಮಾತಿನ ಪಕ್ಕದಲ್ಲೂ ಕಡತದ ಮಾತು ಇರಬೇಕು.

ಅತ್ಯಾಚಾರದ ಕೇಸಾದರೆ ಹೆಸರು ಹೇಳುವ ಹಾಗಿಲ್ಲ, ಸಂತ್ರಸ್ತೆ ಸತ್ತಿದ್ದರೂ ಅಷ್ಟೇ. ಮೊದಲು ಐಪಿಸಿ 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ 72. ಹೆಸರು ಬದಲಿಸಿ ಊರು, ಶಾಲೆ, ಅಪ್ಪನ ಕೆಲಸ ಎಲ್ಲ ಹೇಳಿದರೆ ಗುರುತು ಸಿಕ್ಕಂತೆಯೇ.

ಪ್ರಸಾರದ ದಿನ ಯಾವುದು ಅಂತ ಮನೆಯವರಿಗೆ ಮೊದಲೇ ತಿಳಿಸಿ. ಆರೋಪಿ ಖುಲಾಸೆಯಾಗಿದ್ದರೆ ಆ ಮಾತು ಮೊದಲ ಎರಡು ನಿಮಿಷದಲ್ಲೇ ಬರಲಿ. ಕೊನೆಗೆ ಟ್ವಿಸ್ಟ್ ಇರಲಿ ಅಂತ ಬಚ್ಚಿಟ್ಟುಕೊಳ್ಳಬೇಡಿ, ಅರ್ಧಕ್ಕೇ ಆಫ್ ಮಾಡುವವರೇ ಜಾಸ್ತಿ.