ಕೊಲೊರಾಡೊ ನದಿಯ ಕಮರಿಯ ನೆತ್ತಿಯ ಮೇಲೆ ಕಾರು ಓಡಿಸುವುದು: ನನ್ನ ಅನುಭವ

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಲ್ಲಿ ಟ್ಯಾಂಕ್ ತುಂಬಿಸದೆ ನಾನು ಮೇಲೆ ಹತ್ತುವುದಿಲ್ಲ. ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ 'ಐಲ್ಯಾಂಡ್ ಇನ್ ದ ಸ್ಕೈ' ಪ್ರಸ್ಥಭೂಮಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಊಟವೂ ಸಿಗದು. ಹೆದ್ದಾರಿ 191ರಲ್ಲಿ ಉತ್ತರಕ್ಕೆ 10 ಮೈಲಿ, ಅಲ್ಲಿಂದ ರಾಜ್ಯ ಹೆದ್ದಾರಿ 313ರಲ್ಲಿ 22 ಮೈಲಿ ಹೋದರೆ ಸಂದರ್ಶಕರ ಕೇಂದ್ರ. ಒಳಗಿನ ಡಾಂಬರು ರಸ್ತೆ ಹೋಗಿಬರಲು 34 ಮೈಲಿ. ಪಕ್ಕದ ಡೆಡ್ ಹಾರ್ಸ್ ಪಾಯಿಂಟ್ ಎಂಬ ನೋಟದ ತಾಣಕ್ಕೂ ಹೋಗಿಬಂದರೆ ದಿನದ ಓಟ 110 ಮೈಲಿ ದಾಟುತ್ತದೆ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್, ಡಿಕ್ಕಿಯಲ್ಲಲ್ಲ, ಸೀಟಿನ ಪಕ್ಕದಲ್ಲೇ.

ನಡುಮಧ್ಯಾಹ್ನ ಕಮರಿ ಚಪ್ಪಟೆಯಾಗಿ ಕಾಣುತ್ತದೆ, ಬಂಡೆಗೆ ನೆರಳೇ ಇರುವುದಿಲ್ಲ. ಹಾಗಾಗಿ ಬೆಳಿಗ್ಗೆ ಡೆಡ್ ಹಾರ್ಸ್ ಪಾಯಿಂಟ್. ಆದರೆ ಸೂರ್ಯ ಒಂದಿಷ್ಟು ಏರಿದ ಮೇಲೆ, ಏಕೆಂದರೆ 2,000 ಅಡಿ ಕೆಳಗಿನ ನದಿಯ ತಿರುವಿಗೆ ಬೆಳಕು ತಡವಾಗಿ ಇಳಿಯುತ್ತದೆ. ಅದು ರಾಜ್ಯ ಉದ್ಯಾನ, ರಾಷ್ಟ್ರೀಯ ಉದ್ಯಾನದ ಪಾಸ್ ಅಲ್ಲಿ ನಡೆಯುವುದಿಲ್ಲ. ಸಂಜೆಗೆ ಗ್ರ್ಯಾಂಡ್ ವ್ಯೂ ಪಾಯಿಂಟ್, ಕೊನೆಗೆ ಗ್ರೀನ್ ರಿವರ್ ಓವರ್‌ಲುಕ್.

ಡಾಂಬರಿನ ಮೇಲೆ ಯಾವ ಕಾರಾದರೂ ಸಾಕು. ಕಷ್ಟವಿರುವುದು ಶೇಫರ್ ಟ್ರೇಲ್‌ನಲ್ಲಿ. ಮೇಸಾದ (ಚಪ್ಪಟೆ ನೆತ್ತಿಯ ಬೆಟ್ಟದ) ಅಂಚಿನಿಂದ ಮಣ್ಣಿನ ಹೇರ್‌ಪಿನ್ ತಿರುವುಗಳಲ್ಲಿ 1,500 ಅಡಿ ಇಳಿಯುವ ಈ ದಾರಿಗೆ ತಡೆಗೋಡೆ ಇಲ್ಲ. ಸಾಮಾನ್ಯ ಬಾಡಿಗೆ ಕಾರುಗಳ ಕರಾರಿನಲ್ಲಿ ಮಣ್ಣುರಸ್ತೆಗೆ ನಿಷೇಧವಿರುವುದೇ ಹೆಚ್ಚು, ಆದ್ದರಿಂದ ಲೋ ರೇಂಜ್ (ನಿಧಾನವಾಗಿ ಹೆಚ್ಚು ಎಳೆತ ಕೊಡುವ ಗೇರು) ಇರುವ, ನೆಲದಿಂದ ಎತ್ತರದಲ್ಲಿರುವ ಜೀಪನ್ನೇ ತೆಗೆದುಕೊಳ್ಳುತ್ತೇನೆ. ಮಣ್ಣು ಶುರುವಾಗುವಲ್ಲಿ ಟೈರಿನ ಗಾಳಿ 35 ಪಿಎಸ್‌ಐಯಿಂದ 28ಕ್ಕೆ. ಗರಗಸದ ಹಲ್ಲಿನಂತೆ ಅಡ್ಡಡ್ಡ ಎದ್ದಿರುವ ಮಣ್ಣಿನ ಉಬ್ಬುಗಳ ಮೇಲೆ ಕುಲುಕಾಟ ಕಡಿಮೆಯಾಗುತ್ತದೆ, ಹಿಡಿತವೂ ಸಿಗುತ್ತದೆ. ಡಾಂಬರಿಗೆ ಮರಳುವ ಮೊದಲು ತುಂಬಿಸಲು ಸಣ್ಣ ಕಂಪ್ರೆಸರ್ ಬೇಕು. ಸ್ಟೆಪ್ನಿಯ ಗಾಳಿಯನ್ನೂ ಊರಲ್ಲೇ ನೋಡಿಕೊಳ್ಳಿ.

ಇಳಿಯುವಾಗ 4ಎಲ್ (ನಾಲ್ಕೂ ಚಕ್ರಕ್ಕೆ ಲೋ ರೇಂಜ್), ಒಂದನೇ ಗೇರ್. ಇಂಜಿನ್ನೇ ಗಾಡಿಯನ್ನು ತಡೆಯಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು, ಆಮೇಲೆ ಬ್ರೇಕ್ ಎಣ್ಣೆ ಕುದಿದು ಪೆಡಲ್ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬಂತೆಂದರೆ ಅಗಲವಿರುವಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಪೂರ್ತಿ ತಣಿಯುವವರೆಗೆ ಕಾಯುವುದೊಂದೇ ದಾರಿ. ಹತ್ತುವ ವಾಹನಕ್ಕೆ ಮೊದಲ ಹಕ್ಕು. ಇಳಿಯುವವರು ಜಾಗ ಕೊಡಬೇಕು. ಇದೆಲ್ಲ ನೋಡಿದರೆ ಪೊಟ್ಯಾಶ್ ರೋಡ್ ಹಿಡಿದು ಕೆಳಗಿನಿಂದ ಹತ್ತುವುದೇ ನನಗೆ ಇಷ್ಟ: ಬ್ರೇಕ್ ಬಿಸಿಯಾಗುವುದಿಲ್ಲ, ನೋಟವೂ ತಿರುವಿನಿಂದ ತಿರುವಿಗೆ ತೆರೆದುಕೊಳ್ಳುತ್ತದೆ. 6,000 ಅಡಿಯಲ್ಲಿ ಟರ್ಬೊ ಇಲ್ಲದ ಇಂಜಿನ್ ಐದನೇ ಒಂದು ಭಾಗದಷ್ಟು ಶಕ್ತಿ ಕಳೆದುಕೊಂಡಿರುತ್ತದೆ, ಅದಕ್ಕೂ ಲೋ ರೇಂಜೇ ಮದ್ದು.

ಮಳೆ ಬಂದರೆ ಈ ಮಾತೆಲ್ಲ ರದ್ದು. ಶೇಫರ್ ಹಾದುಹೋಗುವ ಚಿನ್ಲೆ ಎಂಬ ಶಿಲಾ ಪದರದಲ್ಲಿ ಬೆಂಟೊನೈಟ್ ಜೇಡಿಯಿದೆ. ನೆನೆದರೆ ಸಾಬೂನಿನಂತೆ ಜಾರಿ ಟೈರಿನ ಗೀರುಗಳನ್ನೆಲ್ಲ ಮುಚ್ಚಿಬಿಡುತ್ತದೆ, ಫೋರ್ ವೀಲ್ ಡ್ರೈವ್ ಇದ್ದೂ ಉಪಯೋಗವಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆ ಸಾಮಾನ್ಯ, ಹಾಗಾಗಿ ಆ ತಿಂಗಳುಗಳಲ್ಲಿ ಬೆಳಿಗ್ಗೆಯೇ ಹತ್ತಿ ಮುಗಿಸಬೇಕು. ಹೊರಡುವ ದಿನವೇ ರೇಂಜರ್‌ಗಳ ಬಳಿ ರಸ್ತೆಯ ಸ್ಥಿತಿ ಕೇಳಿ. ಒಳಗೆ ಸಿಕ್ಕಿಬಿದ್ದ ಗಾಡಿ ಎಳೆಸುವ ಖರ್ಚು 1,000 ಡಾಲರ್ ಮೀರಬಹುದು. ಫೋನ್ ಸಿಗ್ನಲ್ ನಂಬುವಂತಿಲ್ಲ, ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು. ಕೆಳಗಿನ 100 ಮೈಲಿಯ ವೈಟ್ ರಿಮ್ ರಸ್ತೆಗೆ ಹಗಲಲ್ಲೇ ಹೋಗಿಬರುವುದಾದರೂ ಪರ್ಮಿಟ್ ಬೇಕು.

ಜೀಪ್ ಇಲ್ಲದವರಿಗೆ ದಕ್ಷಿಣದಲ್ಲಿ, ಮೆಕ್ಸಿಕನ್ ಹ್ಯಾಟ್ ಎಂಬ ಊರಿನ ಹತ್ತಿರ, ರಾಜ್ಯ ಹೆದ್ದಾರಿ 261ರ ಮೋಕಿ ಡಗ್‌ವೇ ಇದೆ. ಯುರೇನಿಯಂ ಅದಿರು ಸಾಗಿಸಲೆಂದು 1950ರ ದಶಕದಲ್ಲಿ ಕಡಿದ ದಾರಿ: 3 ಮೈಲಿ ಜಲ್ಲಿ, 11 ಶೇಕಡಾ ಇಳಿಜಾರು. ಒಣಗಿದ್ದಾಗ ಮಾಮೂಲಿ ಕಾರೂ ಹೋಗುತ್ತದೆ. 28 ಅಡಿಗಿಂತ ಉದ್ದದ ಗಾಡಿ ಬೇಡ. ಮೇಲೆ ತಲುಪಿದೊಡನೆ ಮ್ಯೂಲಿ ಪಾಯಿಂಟ್ ಕಡೆಗೆ 5 ಮೈಲಿ ಜಲ್ಲಿರಸ್ತೆ. ಸ್ಯಾನ್ ವಾನ್ ನದಿ ಸುತ್ತಿ ಸುತ್ತಿ ಕೊರೆದ ಕಮರಿ ಕಾಲಡಿಯಲ್ಲಿ, ಮಾನ್ಯುಮೆಂಟ್ ವ್ಯಾಲಿಯ ಬಂಡೆಗಳು ದಿಗಂತದಲ್ಲಿ. ಅಂಚಿನಲ್ಲಿ ಕಟಕಟೆ ಇಲ್ಲ. ಕಾರಿನ ಮೂತಿಯನ್ನು ಪ್ರಪಾತದ ಕಡೆ ಇಡದೆ ಅಡ್ಡಲಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ನಾನು ಬಾಗಿಲು ತೆಗೆಯುವುದು.