ಮಕ್ಕಳು ಹೆತ್ತವರ ಮೇಲೆ ಕೈ ಮಾಡುವ ಮನೆಗೆ ನೆರವಾಗುವುದು ಹೇಗೆ

ಈ ಸುದ್ದಿ ಹೊಸ್ತಿಲು ದಾಟುವುದೇ ಅಪರೂಪ. ಕೈ ಬಾತಿದ್ದರೆ ತಾಯಿ ‘ಬಚ್ಚಲದಾಗ ಜಾರಿ ಬಿದ್ದೆ’ ಎನ್ನುತ್ತಾಳೆ. ಆಶಾ ಕಾರ್ಯಕರ್ತೆಯಿರಲಿ, ಶಿಕ್ಷಕರಿರಲಿ, ನೆಂಟರಿರಲಿ, ‘ಮಗ ಹೊಡಿತಾನೇನು?’ ಎಂದು ನೇರ ಕೇಳಬೇಡಿ. ಆಕೆ ಒಬ್ಬಳೇ ಇದ್ದಾಗ ‘ಅವಂಗ ಸಿಟ್ಟು ಬಂದ್ರ ನೀ ಏನ್ ಮಾಡ್ತೀಬೇ ಯವ್ವಾ?’ ಎನ್ನಿ. ‘ನೀ ಸಲಿಗೆ ಕೊಟ್ಟೆ’ ಎಂಬ ಒಂದು ಮಾತು ಬಂದರೂ ಆಕೆ ಮತ್ತೆ ಬಾಯಿ ಬಿಡುವುದಿಲ್ಲ.

ಮೊದಲ ದಿನವೇ ಮಾಡಬೇಕಾದ ಕೆಲಸವೊಂದಿದೆ. ಹತ್ತಿ, ಭತ್ತಕ್ಕೆ ಹೊಡೆಯುವ ಎಣ್ಣಿ (ಕೀಟನಾಶಕ) ಡಬ್ಬಿ ನಮ್ಮ ಕಡೆ ಮಂಚದ ಕೆಳಗೇ ಇರುತ್ತದೆ. ಜಗಳದ ಬಿಸಿಯಲ್ಲಿ ಅದನ್ನು ಮಗನೂ ಕುಡಿದಾನು, ತಾಯಿಯೂ ಕುಡಿದಾಳು. ಆ ಡಬ್ಬಿ, ಕುಡಗೋಲು, ಕೊಡಲಿ ಎಲ್ಲವನ್ನೂ ಬೇರೊಬ್ಬರ ಮನೆಯಲ್ಲಿ ಬೀಗ ಹಾಕಿ ಇಡಿಸಿ. ಗದ್ದಲ ಎದ್ದರೆ ಚಿಕ್ಕ ಮಕ್ಕಳು ಯಾರ ಮನೆಗೆ ಓಡಬೇಕೆಂದು ಮುಂಚೆಯೇ ಹೇಳಿಕೊಡಿ.

ಆಮೇಲೆ ಎರಡು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ: ಬೈದರೆ ಚುಕ್ಕೆ, ಸಾಮಾನು ಒಡೆದರೆ ಗೆರೆ, ಹೊಡೆದರೆ ಸುತ್ತು. ಅದಕ್ಕೆ ಹತ್ತು ನಿಮಿಷ ಮುಂಚೆ ಏನಾಗಿತ್ತು ಎಂಬುದನ್ನೂ ಕೇಳಿಕೊಳ್ಳಿ. ಮೊಬೈಲ್ ಕಿತ್ತುಕೊಂಡದ್ದೇ, ಕುಡಿಯಲು ರೊಕ್ಕ ಕೊಡದಿದ್ದದ್ದೇ, ಗುಳೆ ಹೋದ ಅಪ್ಪ ಊರಿಗೆ ಬಂದದ್ದೇ? ಅಪ್ಪ ಅವ್ವನನ್ನು ಹೊಡೆಯುವುದನ್ನು ನೋಡುತ್ತ ಬೆಳೆದ ಹುಡುಗ ಅದನ್ನೇ ಕಲಿತಿರಬಹುದು. ಹಾಗಿದ್ದರೆ ಅಪ್ಪನನ್ನೂ ಕೂಡಿಸಿಕೊಂಡು ಮಾತಾಡಬೇಕು.

ಸಿಟ್ಟು ಏರಿದಾಗ ಬುದ್ಧಿವಾದ ಬೇಡ, ಬಾಗಿಲಿಗೆ ಅಡ್ಡ ನಿಲ್ಲುವುದೂ ಬೇಡ. ‘ಈಗ ಮಾತು ಬ್ಯಾಡ, ನಾಳೆ ಮಾತಾಡೂಣು’ ಎಂದು ಹೊರಗೆ ನಡೆಯಬೇಕು. ಟೆಲ್ ಅವೀವ್‌ನ ಮನೋವಿಜ್ಞಾನಿ ಹೈಮ್ ಓಮರ್ ಪೋಷಕರಿಗಾಗಿ ಬೆಳೆಸಿದ ಅಹಿಂಸಾತ್ಮಕ ಪ್ರತಿರೋಧದ ವಿಧಾನವೂ ಕಬ್ಬಿಣ ತಣ್ಣಗಾದ ಮೇಲೆ ಬಡಿಯಿರಿ ಎನ್ನುತ್ತದೆ. ಎರಡು ಮೂರು ದಿನ ಬಿಟ್ಟು, ಶಾಂತವಾಗಿದ್ದಾಗ, ತಂದೆ ತಾಯಿ ಇಬ್ಬರೂ ಕೂತು ಇಷ್ಟೇ ಹೇಳಲಿ: ‘ಹೊಡೆಯೋದನ್ನ ಇನ್ನ ಒಪ್ಪೋದಿಲ್ಲ. ನಾವೂ ನಿನಗ ಹೊಡೆಯೋದಿಲ್ಲ. ಮುಚ್ಚಿಡೋದೂ ಇಲ್ಲ.’ ಕೊನೆಯ ಮಾತು ಬರೀ ಮಾತಾಗಬಾರದು. ಸೋದರಮಾವ, ಕಾಕಾ, ಮೇಷ್ಟ್ರು ಹೀಗೆ ನಾಲ್ಕೈದು ಜನರಿಗೆ ವಿಷಯ ಗೊತ್ತಿರಬೇಕು. ಹೊಡೆದ ಮರುದಿನ ಅವರಲ್ಲೊಬ್ಬರು ಬಂದು ‘ನಿನ್ನೆ ಆದದ್ದು ಗೊತ್ತಾತು. ನೀ ನಮ್ಮ ಹುಡುಗ, ಆದ್ರ ಇದು ನಿಲ್ಲಬೇಕು’ ಎಂದು ಹೇಳಿ, ಚಹಾ ಕುಡಿದು ಹೋಗಲಿ.

ಕೆಡುವುದು ಇಲ್ಲೇ. ಈ ಭೇಟಿಯನ್ನು ಪಂಚಾಯ್ತಿ ಮಾಡಿ, ಹತ್ತು ಹಿರಿಯರು ಕಟ್ಟೆಗೆ ಕರೆದು ಹುಡುಗನಿಗೆ ನಾಲ್ಕು ಬಿಗಿದರೆ, ಆ ಅವಮಾನದ ಸಿಟ್ಟು ರಾತ್ರಿ ತಾಯಿಯ ಮೇಲೇ ಇಳಿಯುತ್ತದೆ. ಇನ್ನೊಂದು, ಶುರುವಿನ ವಾರಗಳಲ್ಲಿ ಗದ್ದಲ ಹೆಚ್ಚಾಗಬಹುದು. ಆಗ ಸೋತು ರೊಕ್ಕ ಕೊಟ್ಟರೆ, ಜೋರು ಮಾಡಿದರೆ ಸಿಗುತ್ತದೆ ಎಂದು ನಾವೇ ಕಲಿಸಿದಂತೆ.

ನಿದ್ದೆಯಿಲ್ಲದೆ ಒಬ್ಬನೇ ಮಾತಾಡುವುದು, ಫಿಟ್ಸ್, ಬುದ್ಧಿಮಾಂದ್ಯ, ಕುಡಿತ ಇದ್ದರೆ ಮನೋವೈದ್ಯರನ್ನೇ ಕಾಣಬೇಕು. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ, ಕೊಪ್ಪಳ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕೇಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ದರ್ಗಾಕ್ಕೋ ಮಠಕ್ಕೋ ಹೋಗಿ ತಾಯಿತ ಕಟ್ಟಿಸುವವರನ್ನು ತಡೆಯಬೇಡಿ, ಗುಳಿಗೆ ಮಾತ್ರ ತಪ್ಪದಂತೆ ನೋಡಿ.

ಜೀವಕ್ಕೆ ಅಪಾಯವಿದ್ದರೆ 112. ಹುಡುಗನಿಗೆ 18 ತುಂಬಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ‘ಮಗ ಜೈಲಿಗೆ ಹೋಗ್ತಾನ’ ಎಂಬ ಭಯವೇ ತಾಯಿಯ ಬಾಯಿ ಕಟ್ಟಿರುತ್ತದೆ, ಆದ್ದರಿಂದ ಕಾನೂನನ್ನು ಬಿಡಿಸಿ ಹೇಳಿ: 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜತೆ ಸೇರಿ ಮಾಡಿರದಿದ್ದರೆ, ಎಫ್‌ಐಆರ್ ಇಲ್ಲದೆ ಠಾಣೆಯ ಡೈರಿಯಲ್ಲಿ ಬರೆದುಕೊಂಡು ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿ ಮಾಡುತ್ತಾರೆ.

18 ದಾಟಿದ ಮಗನಿಂದ ತಾಯಿಗೆ ರಕ್ಷಣೆ ಬೇಕಾದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಿದೆ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕರೆದೊಯ್ಯಿರಿ. ದುಡಿಯುವ ಮಗ ಜೀವನಾಂಶ ಕೊಡದಿದ್ದರೆ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಡಿ ಸಹಾಯಕ ಆಯುಕ್ತರಿಗೆ ಅರ್ಜಿ ಹಾಕಬಹುದು. ತಂದೆ ತಾಯಿಗೆ 60 ತುಂಬಿರಲೇಬೇಕೆಂದಿಲ್ಲ. ರಾಯಚೂರು ಜಿಲ್ಲೆಯವರಿಗೆ ರಾಯಚೂರು, ಲಿಂಗಸುಗೂರು ಎರಡೂ ಕಡೆ ಆ ಕಚೇರಿಯಿದೆ. ಕ್ಯಾಲೆಂಡರ್ ಹಾಳೆಗಳನ್ನು ಹರಿಯದೆ ಇಟ್ಟಿದ್ದರೆ ಅರ್ಜಿಗೆ ತಾರೀಖು ಅಲ್ಲೇ ಸಿಗುತ್ತವೆ.