ಪಂಚಮಿ ವಾಲಿಬಾಲ್: ಒಂದೇ ಹಾಳೆಯ ಕರಾರಿನಿಂದ ಜಗಳ ನಿಂತ ಬಗೆ

ಈ ಸಲ ನಾಗರ ಪಂಚಮಿಯ ಮ್ಯಾಚು ಐದನೇ ಸೆಟ್‌ತನಕ ಹೋಯಿತು. ಕೊನೆಯ ಸೆಟ್ 15-13. ಸೋತವರು ನಾವೇ ಆಡಲು ಕರೆಸಿದ ಇನ್ನೊಂದು ಊರಿನ ತಂಡ, ಗೆದ್ದವರು ನಾವು. ಆದರೂ ಯಾರೂ ನೆಟ್ ದಾಟಿ ಬಂದು ಕಾಲರ್ ಹಿಡಿಯಲಿಲ್ಲ. ಗದಗದ ಸುತ್ತಲಿನ ಹಳ್ಳಿಗಳಲ್ಲಿ ಆಡಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಬೇರೆ ಹೇಳಬೇಕಿಲ್ಲ.

ಹಿಂದಿನ ವರ್ಷಗಳಲ್ಲಿ ಮ್ಯಾಚು ಮುಗಿದದ್ದೇ ಅಪರೂಪ. ಒಂದು ಸಲ ನೆಟ್ ಟಚ್ ಆಯಿತು, ಆಗಲಿಲ್ಲ ಅಂತ ಮೂರನೇ ಸೆಟ್‌ನಲ್ಲೇ ನಿಂತಿತು. ಇನ್ನೊಂದು ಸಲ ಎದುರಿನವರು ಹುಬ್ಬಳ್ಳಿಯಿಂದ ಇಬ್ಬರು ಕಾಲೇಜ್ ಹುಡುಗರನ್ನು ಕರೆತಂದರು, ನಮ್ಮವರು ಆಡುವುದಿಲ್ಲ ಅಂತ ಕೂತುಬಿಟ್ಟರು. ಆಗೆಲ್ಲ ಎರಡೂ ಕಡೆ ಐದೈದು ಸಾವಿರ ಪಂದ್ಯ ಕಟ್ಟುತ್ತಿದ್ದರು. ದುಡ್ಡು ಹಿಡಿದುಕೊಂಡ ಹಿರಿಯರಿಗೆ ಯಾರಿಗೆ ಕೊಡಬೇಕು ತಿಳಿಯದೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಪರಿಸ್ಥಿತಿ.

ರೂಲ್ಸನ್ನು ಮೊದಲೇ ಕಾಗದದ ಮೇಲೆ ಬರೆದು ಎರಡೂ ಕಡೆ ಸಹಿ ಹಾಕೋಣ ಅಂದಾಗ ಚಹಾದ ಅಂಗಡಿಯಲ್ಲಿ ಎಲ್ಲರೂ ನಕ್ಕರು. "ಏ ತಮ್ಮಾ, ದೋಸ್ತಿ ಮ್ಯಾಚಿಗೂ ಕಾಗದಾ ಬರೀತಿಯೇನು? ಹೊಲಾ ಮಾರಾಕತ್ತಿಯೋ ಏನ?" ಅಂತ ನಮ್ಮ ಕಾಕಾ ಕೇಳಿದರು. "ಕಾಕಾ, ದೋಸ್ತಿ ಉಳೀಲಿ ಅಂತನ ಬರಿಯೂದು" ಅಂದೆ. ಅವರೇ ಈಗ ಆ ಹಾಳೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಇಟ್ಟುಕೊಂಡಿದ್ದಾರೆ.

ಮೊದಲು ದುಡ್ಡಿನ ಪಂದ್ಯ ತೆಗೆಸಿದೆ. ಇದಕ್ಕೇ ಜಾಸ್ತಿ ವಿರೋಧ ಬಂತು. ಪಂದ್ಯವಿಲ್ಲದ ಪಂಚಮಿ ಎಂಥದ್ದು ಅಂದರು. ಹಾಗಾದರೆ ಸೋತವರು ಮಿರ್ಚಿ-ಚಹಾ ಕೊಡಲಿ, ಗೆದ್ದವರು ಮನೆಯಿಂದ ಉಂಡಿ ತರಲಿ ಅಂದೆ. ಶೇಂಗಾ ಉಂಡಿ, ಎಳ್ಳುಂಡಿ ಹೇಗೂ ಎಲ್ಲರ ಮನೆಯಲ್ಲೂ ಇರುತ್ತವೆ. ಖರ್ಚು ಮಾತ್ರ ಎರಡೂ ಊರು ಅರ್ಧರ್ಧ.

ಆ ಖರ್ಚಿನಲ್ಲಿ ದೊಡ್ಡ ಪಾಲು ನೆಲಕ್ಕೇ ಹೋಯಿತು. ನಮ್ಮದು ಎರಿ ನೆಲ, ಅಂದರೆ ಕಪ್ಪು ಮಣ್ಣು. ಶ್ರಾವಣದ ಜಡಿ ಮಳೆ ಎರಡು ದಿನ ಹಿಡಿದರೆ ಕಾಲೆತ್ತಲು ಆಗಲ್ಲ. ಒಂದು ಟ್ರೇಲರ್ ಗರಸು (ಹರಳು ಬೆರೆತ ಗಟ್ಟಿ ಮಣ್ಣು) ತರಿಸಿ ಹರಡಿ, ನೀರು ಹೊಡೆದು, ಕಲ್ಲಿನ ರೋಲರ್ ಎಳೆದೆವು. ಎರಡೂವರೆ ಸಾವಿರದ ಹತ್ತಿರ ಆಯಿತು. ಗರಸಿನಲ್ಲಿ ಹರಳು ಜಾಸ್ತಿ ಬಂದಿತ್ತು, ಡೈವ್ ಹೊಡೆದವರ ಮೊಣಕೈ ಕೆತ್ತಿತು. ಮುಂದಿನ ಸಲ ಮೇಲೆ ಒಂದು ಪದರ ಮಸಾರಿ ಮಣ್ಣು ಸೋಸಿ ಹಾಕಿಸುವವನಿದ್ದೇನೆ.

ಗೆರೆ ಎಂಬುದು ಇನ್ನೊಂದು ತಲೆನೋವು. ಸುಣ್ಣ ಹಾಕಿದರೆ ಮೊದಲ ಸೆಟ್‌ನಲ್ಲೇ ಅಳಿಸಿಹೋಗುತ್ತದೆ. ಆಮೇಲೆ ಬಾಲ್ ಒಳಗೋ ಹೊರಗೋ ಅನ್ನುವುದು ಕೂಗಿನ ಮೇಲೆ ನಿಂತಿರುತ್ತದೆ. ಮಂಚಕ್ಕೆ ಹೆಣೆಯುವ ಬಿಳಿ ನವಾರ ನೋಡಿ, ಎರಡು ಇಂಚು ಅಗಲದ್ದು, ಅದನ್ನೇ ಹಾಕಿಸಿದೆ. ಅಂಗಣದ ಗೆರೆ 5 ಸೆಂಟಿಮೀಟರ್ ಇರಬೇಕು, ಎರಡು ಇಂಚು ಅಂದರೆ ಹೆಚ್ಚುಕಡಿಮೆ ಅಷ್ಟೇ. ಸುತ್ತಳತೆ 54 ಮೀಟರ್, ನಡುಗೆರೆ 9, ನೆಟ್ಟಿನ ಎರಡೂ ಬದಿಯ ಅಟ್ಯಾಕ್ ಲೈನ್ ಸೇರಿ 18. ಒಟ್ಟು 81 ಮೀಟರ್. ಏಳುನೂರು ರೂಪಾಯಿ ಬಿತ್ತು ಅಂತ ನೆನಪು. ತಂತಿಯನ್ನು ಬಗ್ಗಿಸಿ ಮೊಳೆ ಮಾಡಿ ಬಡಿದೆವು. ಬಾಲ್ ನವಾರದ ಮೇಲೆ ಬಿದ್ದರೆ ಸಪ್ಪಳವೇ ಬೇರೆ, ಲೈನ್‌ಮನ್ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ.

ಅಂಗಣವನ್ನು ಉತ್ತರ-ದಕ್ಷಿಣಕ್ಕೆ ಹಾಕಿದ್ದೆವು. ಕಪ್ಪತಗುಡ್ಡದ ಗಾಳಿಯಂತ್ರ ತಿರುಗಿಸುವ ಗಾಳಿ ನಮ್ಮೂರಿಗೂ ಬರುತ್ತದೆ, ಅದೂ ಶ್ರಾವಣದಲ್ಲಿ ಪಡುವಣದಿಂದ. ಅಡ್ಡಗಾಳಿ ಇದ್ದರೆ ಇಬ್ಬರಿಗೂ ಕಷ್ಟ ಒಂದೇ. ಪೂರ್ವ-ಪಶ್ಚಿಮಕ್ಕೆ ಹಾಕಿ ನೋಡಿದ ವರ್ಷ ಗಾಳಿಯೂ ಸಂಜೆಯ ಬಿಸಿಲೂ ಒಂದೇ ಕಡೆಯವರ ಕಣ್ಣಿಗೆ ಬಿದ್ದು, ಟಾಸ್ ಗೆದ್ದವರೇ ಸೆಟ್ ಗೆಲ್ಲುತ್ತಿದ್ದರು.

ಇನ್ನು ರೂಲ್ಸ್. ಎಲ್ಲರಿಗೂ ಗೊತ್ತಿರುವುದನ್ನು ಬರೆಯಲಿಲ್ಲ. ಹಿಂದೆ ಜಗಳ ಆದ ವಿಷಯಗಳನ್ನು ಮಾತ್ರ ಬರೆದೆವು. ಹಾಳೆ ಒಂದೇ ಇರಬೇಕು ಅಂತ ಹಟ ಹಿಡಿದೆ. ಎರಡು ಹಾಳೆ ಆದರೆ ಯಾರೂ ಓದಲ್ಲ.

ಸರ್ವಿಸ್ ನೆಟ್ಟಿಗೆ ತಾಗಿ ಆಚೆ ಬಿದ್ದರೆ ಆಟ ಮುಂದುವರಿಯಬೇಕು. ಈ ರೂಲ್ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಆದರೂ ನಮ್ಮ ಹಿರಿಯ ಆಟಗಾರರು ಇವತ್ತಿಗೂ "ರಾಂಗ್" ಅಂತ ಕೈ ಎತ್ತುತ್ತಾರೆ. ಅವರು ಕಲಿತದ್ದು 15 ಪಾಯಿಂಟ್‌ನ ಹಳೇ ಆಟ, ಸರ್ವಿಸ್ ಇದ್ದವರಿಗಷ್ಟೇ ಪಾಯಿಂಟ್. 1998ರಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟ ಎಫ್‌ಐವಿಬಿ ರ‍್ಯಾಲಿ ಪಾಯಿಂಟ್, ಅಂದರೆ ಸರ್ವಿಸ್ ಯಾರದೇ ಇರಲಿ ಗೆದ್ದವರಿಗೆ ಪಾಯಿಂಟ್ ಕೊಡುವ ಪದ್ಧತಿ, ತರಲು ನಿರ್ಧರಿಸಿದ ಮೇಲೆ ಅದೆಲ್ಲ ಹೋಯಿತು. ಅವರ ಮನಸ್ಸಿಗೂ ಸಮಾಧಾನ ಆಗಲಿ ಅಂತ ಮೊದಲು ಹಿರಿಯರದೊಂದು ಸೆಟ್ ಹಳೇ ರೂಲ್ಸಿನಲ್ಲೇ ಆಡಿಸಿದೆ. ಮುಕ್ಕಾಲು ತಾಸಾದರೂ ಮುಗಿಯಲಿಲ್ಲ! ಸರ್ವಿಸ್ ಅತ್ತ ಇತ್ತ ಹೋಗುತ್ತದೆ, ಪಾಯಿಂಟ್ ಮಾತ್ರ ಏರಲ್ಲ. ಆದರೆ ಆಡಿದ ಮೇಲೆ 25 ಪಾಯಿಂಟ್‌ನ ಈಗಿನ ಆಟಕ್ಕೆ ಅವರಲ್ಲಿ ಒಬ್ಬರೂ ತಕರಾರು ಎತ್ತಲಿಲ್ಲ.

ನೆಟ್ ಟಚ್‌ಗೆ ಬಹಳ ಹೊತ್ತು ಹಿಡಿಯಿತು. ಈಗಿನ ರೂಲ್ ಪ್ರಕಾರ ಬಾಲ್ ಆಡುವ ಕ್ರಿಯೆಯಲ್ಲಿ ಆಂಟೆನಾಗಳ (ನೆಟ್ಟಿನ ಎರಡೂ ಬದಿಗೆ ಕಟ್ಟುವ ಕಡ್ಡಿಗಳ) ನಡುವೆ ನೆಟ್ ಮುಟ್ಟಿದರೆ ತಪ್ಪು. ಬಾಲ್ ಬಡಿದು ನೆಟ್ಟೇ ಆಟಗಾರನಿಗೆ ತಾಗಿದರೆ ತಪ್ಪಲ್ಲ. ಹಳ್ಳಿಯಲ್ಲಿ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಕೈ ಕೈ ಹತ್ತಿರುತ್ತದೆ. ಹಾಗಾಗಿ ನಾವೇ ಒಂದು ಕರಾರು ಮಾಡಿಕೊಂಡೆವು. ತಾಗಿದವನೇ ಕೈ ಎತ್ತಿದರೆ ಎದುರಿನವರಿಗೆ ಒಂದು ಪಾಯಿಂಟ್. ಸುಮ್ಮನಿದ್ದು ರೆಫ್ರಿ ಕಣ್ಣಿಗೆ ಬಿದ್ದರೆ ಎರಡು. ಮೊದಲ ಸೆಟ್‌ನಲ್ಲಿ ಒಬ್ಬರಿಗೆ ಎರಡು ಹೋಯಿತು. ಅಲ್ಲಿಂದ ಮುಂದೆ ಕೈ ತಾನಾಗೇ ಏಳುತ್ತಿದ್ದವು. ಇದು ಯಾವ ರೂಲ್ ಪುಸ್ತಕದಲ್ಲೂ ಇಲ್ಲ, ನಮ್ಮ ತಯಾರಿ. ಬೇಕಾದವರು ತೆಗೆದುಕೊಳ್ಳಿ.

ನಡುಗೆರೆ ಬಗ್ಗೆ ಎಫ್‌ಐವಿಬಿ ರೂಲನ್ನೇ ಇಟ್ಟೆವು. ಪಾದದ ಒಂದು ಭಾಗ ಗೆರೆಯ ಮೇಲಿದ್ದರೆ ಸರಿ, ಪೂರ್ತಿ ಆಚೆ ಹೋದರೆ ತಪ್ಪು.

ನೆಟ್ ಎತ್ತರ 2.43 ಮೀಟರ್. ಬಹಳ ಕಡೆ ಕಂಬದ ಹತ್ತಿರ ಅಳೆದು ಸುಮ್ಮನಾಗುತ್ತಾರೆ, ನಡುವೆ ನೆಟ್ ಗೇಣುದ್ದ ಜೋತಿರುತ್ತದೆ. ಅಳೆಯಬೇಕಾದದ್ದು ನಡುವೆ. ತುದಿಗಳು ಒಂದೇ ಸಮ ಇರಬೇಕು, ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಏರಬಾರದು. ನಾಲ್ಕು ತಾಸು ಆಡಿದರೂ ಸಡಿಲಾಗದ ಹಾಗೆ ಹಗ್ಗ ಬಿಗಿಯುವ ಗಂಟು ಒಂದಿದೆ. ಎತ್ತಿನ ಬಂಡಿ ಕಟ್ಟುವವರಿಂದ ಕಲಿತದ್ದು. ಅದನ್ನು ಇಲ್ಲಿ ಬರೆಯಲ್ಲ, ನಮ್ಮೂರಿಗೆ ಬಂದರೆ ತೋರಿಸುತ್ತೇನೆ.

ನಿಜವಾದ ಕೆಲಸ ಮಾಡಿದ್ದು ಕಾಗದಕ್ಕಿಂತ ಮ್ಯಾಚಿಗೆ ಮುಂಚಿನ ಹತ್ತು ಹದಿನೈದು ನಿಮಿಷ. ಲಿಫ್ಟ್, ಡಬಲ್ ಟಚ್ ಇವನ್ನು ಬರೆದು ಪ್ರಯೋಜನವಿಲ್ಲ. ಎದುರಿನಿಂದ ಬಂದ ಮೊದಲ ಬಾಲ್ ಒಂದೇ ಕ್ರಿಯೆಯಲ್ಲಿ ಎರಡು ಕಡೆ ತಾಗಿದರೆ ನಡೆಯುತ್ತದೆ, ಎತ್ತುವಾಗ ಕೈಯಲ್ಲಿ ನಿಂತರೆ ನಡೆಯಲ್ಲ ಅಂತ ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಎಷ್ಟು ನಿಂತರೆ ನಿಂತಂತೆ? ಅದಕ್ಕೆ ಎರಡೂ ತಂಡದಲ್ಲಿ ಸ್ಮ್ಯಾಶ್‌ಗೆ ಬಾಲ್ ಎತ್ತಿಕೊಡುವ ಸೆಟ್ಟರ್‌ಗಳನ್ನು ನೆಟ್ ಹತ್ತಿರ ನಿಲ್ಲಿಸಿ ಬಾಲ್ ಎತ್ತಿಸಿದೆ. ರೆಫ್ರಿ ಪ್ರತಿಯೊಂದಕ್ಕೂ ಸೀಟಿ ಹೊಡೆದೋ ಹೊಡೆಯದೆಯೋ ತೋರಿಸಿದರು. ಎಲ್ಲರೂ ಸುತ್ತ ನಿಂತು ನೋಡಿದರು. ನಮ್ಮ ಸೆಟ್ಟರ್‌ನ ಎರಡು ಬಾಲಿಗೆ ಸೀಟಿ ಬಿತ್ತು, ಎದುರಿನವನ ಮೂರಕ್ಕೆ. "ಸರ್, ಅದು ಲಿಫ್ಟ್ ಅಲ್ರೀ" ಅಂತ ಅವನು ಅಂದದ್ದಕ್ಕೆ ಅವನ ತಂಡದವರೇ "ಹೂಂ, ನಿಂತಿತಲೇ" ಅಂದರು. ಅಲ್ಲಿಗೆ ಅಳತೆ ಕೂಡಿತು. ಪೂರ್ತಿ ಮ್ಯಾಚಿನಲ್ಲಿ ಲಿಫ್ಟ್ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ.

ರೆಫ್ರಿ ಮೂರನೇ ಊರಿನ ಪೀಟಿ ಮಾಸ್ತರರು. ಐನೂರು ರೂಪಾಯಿ, ಪೆಟ್ರೋಲು ಅದರಲ್ಲೇ. ಯಾರನ್ನು ಕರೆದರೆ ಎರಡೂ ಊರಿನವರು ಒಪ್ಪುತ್ತಾರೆ ಅನ್ನುವುದಕ್ಕೆ ನನ್ನದೊಂದು ಲೆಕ್ಕವಿದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೊರಗಿನ ಆಟಗಾರರ ವಿಷಯದಲ್ಲಿ ಚರ್ಚೆ ರಾತ್ರಿ ಹತ್ತರತನಕ ನಡೆಯಿತು. ಊರಲ್ಲಿ ಮನೆ ಇದ್ದು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ದುಡಿಯುವವರು ಆಡಬಹುದು, ಅದು ಸರಿ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಕರೆಯಲು ಅಳಿಯಂದಿರು ಬರುತ್ತಾರೆ. ಅಳಿಯ ಆಡಬಹುದಾ? ಆಡಬೇಡ ಅಂದರೆ ಅಳಿಯನಿಗೆ ಅವಮಾನ, ಬಿಟ್ಟರೆ ಎಲ್ಲ ಒಳ್ಳೆ ಆಟಗಾರರೂ ಅಳಿಯಂದಿರಾಗುತ್ತಾರೆ. ತಂಡಕ್ಕೆ ಒಬ್ಬ ಅಳಿಯ ಅಂತ ಕೂಡಿಸಿದೆವು. ಎದುರಿನವರ ಅಳಿಯ ಒಳ್ಳೆ ಎತ್ತರದವನು, ಲಕ್ಷ್ಮೇಶ್ವರದ ಕಡೆಯವನು. ಅವನ ಸ್ಮ್ಯಾಶ್ ತಡೆಯಲು ನಮ್ಮ ಬ್ಲಾಕ್‌ಗೆ ಎರಡು ಸೆಟ್ ಬೇಕಾಯಿತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ತಂಡ ಸೂಪರ್ ಪಾಯಿಂಟ್ ಕರೆದರೆ ಆ ರ‍್ಯಾಲಿಗೆ ಎರಡು ಪಾಯಿಂಟ್, ಗೊತ್ತಲ್ವಾ. ಹುಡುಗರ ಮ್ಯಾಚಿನಲ್ಲಿ ಅದನ್ನು ಆಡಿಸಿ ನೋಡಿದೆ. ಜನ ಕುಣಿದರು. ಆದರೆ ಸ್ಕೋರ್ ಬರೆಯುವವನು ಗೊಂದಲಕ್ಕೆ ಬಿದ್ದು ಎರಡು ಸಲ ಆಟ ನಿಂತಿತು. ದೊಡ್ಡವರ ಮ್ಯಾಚಿಗೆ ತರಲಿಲ್ಲ.

ಬಾಲ್ ಎರಡು ತಂದಿದ್ದೆವು, ಸುಮಾರು ಸಾವಿರದೆಂಟುನೂರು. ಗಾಳಿಯ ಒತ್ತಡ ನಾಲ್ಕೂವರೆ ಪಿಎಸ್‌ಐ ಹತ್ತಿರ ಸಾಕು. ಸೈಕಲ್ ಅಂಗಡಿಯ ಮೀಟರ್ ಅಷ್ಟು ಕೆಳಗೆ ಸರಿಯಾಗಿ ತೋರಿಸಲ್ಲ, ಹೆಬ್ಬೆಟ್ಟಿನಿಂದ ಒತ್ತಿ ಇಬ್ಬರೂ ಕ್ಯಾಪ್ಟನ್ ಒಪ್ಪಿದರೆ ಆಯಿತು. ಹೊಸ ನೆಟ್ಟಿಗೆ ಸಾವಿರದ ನಾಲ್ಕುನೂರು, ಕಂಬದ ವೆಲ್ಡಿಂಗಿಗೆ ಆರುನೂರು. ಎಲ್ಲ ಸೇರಿ ಏಳೂವರೆ ಸಾವಿರದ ಆಸುಪಾಸು. ಹಿಂದೆ ಹತ್ತು ಸಾವಿರ ಪಂದ್ಯ ಕಟ್ಟಿ ಮ್ಯಾಚೂ ಇಲ್ಲ, ಮಾತೂ ಇಲ್ಲ ಅನ್ನುವಂತಾಗುತ್ತಿತ್ತು. ಈಗ ನೆಟ್, ಬಾಲ್, ಅಂಗಣ ಮೂರೂ ಉಳಿದಿವೆ.

ದಸರೆಗೆ ಹೆಣ್ಣುಮಕ್ಕಳ ಮ್ಯಾಚು ಇಟ್ಟಿದ್ದೇವೆ. ನೆಟ್ 2.24ಕ್ಕೆ ಇಳಿಯಬೇಕು, ಕಂಬಕ್ಕೆ ಎರಡನೇ ಹುಕ್ ಈಗಲೇ ಹಾಕಿಸಿದ್ದೇನೆ. ನಮ್ಮ ಹಾಳೆ ಕೊಡಲು ಹೋದರೆ ಅವರು ಬೇಡ ಅಂದರು. ಸೊಸೆಯಂದಿರು ಯಾವ ಊರಿನ ಪರ ಆಡಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲವಂತೆ, ಅದು ಮುಗಿದ ಮೇಲೆ ತಮ್ಮ ಕರಾರು ತಾವೇ ಬರೆಯುತ್ತಾರಂತೆ.